ಸಂಸತ್ತಿಗೂ ಬಂದ ಬೂಮರ್

2019ರ ನವೆಂಬರಿನಲ್ಲಿ ನ್ಯೂಜಿಲೆಂಡ್ ಸಂಸತ್ತಿನಲ್ಲಿ 25ರ ಹರೆಯದ ಸಂಸದೆ ಕ್ಲೋಯಿ ಸ್ವಾರ್‌ಬ್ರಿಕ್ ಹವಾಮಾನ ಮಸೂದೆಯ ಮೇಲೆ ಮಾತಾಡುತ್ತಿದ್ದರು. ಹಿರಿಯ ಸದಸ್ಯರೊಬ್ಬರು ನಡುವೆ ಬಾಯಿ ಹಾಕಿದರು. ಹಿರಿಯರ ಬಾಯಿ ಮುಚ್ಚಿಸಲು ಕಿರಿಯರು ಆಡುವ ‘ಓಕೆ ಬೂಮರ್’ ಎಂಬ ಮಾತೆಸೆದು ಆಕೆ ಭಾಷಣ ಮುಂದುವರಿಸಿದರು. ಸಂಸತ್ತಿನ ಟಿವಿಯ ಅಡಿಬರಹದಲ್ಲಿ ಮೂಡಿದ್ದು ‘ಓಕೆ ಬರ್ಮಾ’! ಈ ಬರ್ಮಾ ಯಾರ ಮನೆಯ ಅಳಿಯನೋ!

ಲೆಕ್ಕದ ಪ್ರಕಾರ ಬೂಮರ್ ಎಂದರೆ 1946ರಿಂದ 1964ರೊಳಗೆ ಹುಟ್ಟಿದವರು. ಲೆಕ್ಕ ಯಾರಿಗೆ ಬೇಕು? 1931ರಲ್ಲಿ ಹುಟ್ಟಿದ ‘ಸ್ಟಾರ್ ಟ್ರೆಕ್’ ನಟ ವಿಲಿಯಂ ಶಾಟ್ನರ್‌ಗೂ ಟ್ವಿಟರಿನಲ್ಲಿ ಅದೇ ಬಿರುದು ಸಿಕ್ಕಿತು.

ಬೆಂಗಳೂರಿನಲ್ಲಿ ಇಷ್ಟು ತಂಟೆಯಿಲ್ಲ. ಬಸ್ಸಿನಲ್ಲಿ ಯಾರಾದರೂ ‘ಅಂಕಲ್, ಸ್ವಲ್ಪ ಜರುಗಿ’ ಎಂದರೆ ಸಾಕು, ಮೂವತ್ತೈದರ ಯುವಕನ ಕೈ ತಾನಾಗಿ ನೆತ್ತಿಗೆ ಹೋಗುತ್ತದೆ.

ಅಮೆರಿಕದಲ್ಲಿ ಮಾತ್ರ ಈ ಬೂಮರ್ ಮಾತು ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. ನೇಮಕಾತಿಯ ವೇಳೆ ಅಭ್ಯರ್ಥಿಗೆ ಒಮ್ಮೆ ‘ಓಕೆ ಬೂಮರ್’ ಎಂದರೆ ಅದು ವಯಸ್ಸಿನ ತಾರತಮ್ಯವೇ ಎಂದು 2020ರ ಜನವರಿಯಲ್ಲಿ ಮುಖ್ಯ ನ್ಯಾಯಮೂರ್ತಿ ಜಾನ್ ರಾಬರ್ಟ್ಸ್ ಕೇಳಿದರು. ಅವರು ಹುಟ್ಟಿದ್ದು 1955ರಲ್ಲಿ.