ತೂಕ ಸರಿಯಾಗಿ ಹೇಳಿ ಮಾರಾಯ್ರೆ

ಸಸ್ಪೆನ್ಷನ್ ಎಂದರೇನೆಂದು ತಿಳಿಯಲು ಪುಸ್ತಕ ಬೇಡ. ಬೆಳ್ತಂಗಡಿಯ ದಿಡುಪೆಯಿಂದ ಎಳನೀರಿಗೆ ಒಮ್ಮೆ ಜೀಪು ಹತ್ತಿ, ನಿಮ್ಮ ಬೆನ್ನುಮೂಳೆಯೇ ಪಾಠ ಹೇಳುತ್ತದೆ.

ಇಂಥ ದಾರಿಗೆಂದೇ ಮೂಡುಬಿದಿರೆಯ ಹುಡುಗರಿಗೆ ಈಗ ನಾಲ್ಕು ದಪ್ಪ ಟಯರಿನ ಎಟಿವಿಯ ಕನಸು. ಪ್ರಿಲೋಡ್, ರಿಬೌಂಡ್ ಎಂದು ಮಂತ್ರ ಪಠಿಸುತ್ತಾರೆ. ಬಂಟ್ವಾಳದ ಗ್ಯಾರೇಜಿನಲ್ಲಿ ಕೇಳುವುದು ಒಂದೇ ಪ್ರಶ್ನೆ: "ನಿಮ್ಮ ತೂಕ ಎಷ್ಟು ಮಾರಾಯ್ರೆ?"

ಅಲ್ಲೇ ಎಡವಟ್ಟು. ಸವಾರ ಕುಳಿತಾಗ ಶಾಕ್ ಅಬ್ಸಾರ್ಬರ್ ತಾನು ಕುಗ್ಗಬಲ್ಲ ಉದ್ದದ ಸುಮಾರು ಮೂರನೇ ಒಂದು ಭಾಗ ತಗ್ಗಬೇಕು. ಅದಕ್ಕೆ ತಕ್ಕಂತೆ ಸ್ಪ್ರಿಂಗ್ ಬಿಗಿ ಮಾಡುವುದೇ ಪ್ರಿಲೋಡ್. ಗಿರಾಕಿ ಮಾತ್ರ 90 ಕಿಲೋ ಇದ್ದರೂ 75 ಎನ್ನುತ್ತಾನೆ, ಅದೂ ಹೆಂಡತಿಯ ಮುಖ ನೋಡಿಕೊಂಡು. ಹಿಂದೆ ಅಡಿಕೆ ಮೂಟೆ ಕಟ್ಟುವ ವಿಷಯವಂತೂ ಬಾಯಿಬಿಡುವುದೇ ಇಲ್ಲ. ಫಲವಾಗಿ ಮೊದಲ ಮುರಕಲ್ಲಿಗೇ ಶಾಕ್ ತಳ ಬಡಿಯುತ್ತದೆ.

ಕುಗ್ಗಿದ ಶಾಕ್ ಮತ್ತೆ ಮೇಲೇಳುವ ರಿಬೌಂಡಿನ ಕಥೆ ಬೇರೆ. ಅದು ತೀರಾ ಸಡಿಲವಾದರೆ ಸೀಟು ನಿಮ್ಮನ್ನು ಮೇಲಕ್ಕೆ ಎಸೆಯುತ್ತದೆ. ತೀರಾ ಬಿಗಿಯಾದರೆ ಸಾಲು ಗುಂಡಿಗಳಲ್ಲಿ ಶಾಕ್ ಮೇಲೇಳಲು ಪುರುಸೊತ್ತಿಲ್ಲದೆ ಕುಗ್ಗುತ್ತಲೇ ಹೋಗುತ್ತದೆ. ನಡುವಿನ ಹದ ಹುಡುಕಲು ಒಂದೊಂದೇ ಕ್ಲಿಕ್ ತಿರುಗಿಸಬೇಕು. ನಮ್ಮವರೋ ಎಲ್ಲವನ್ನೂ ಒಟ್ಟಿಗೆ ತಿರುಗಿಸಿ, "ಮೊದಲೇ ಚಂದ ಇತ್ತು" ಅನ್ನುತ್ತಾರೆ. ಮೊದಲು ಎಷ್ಟಿತ್ತೆಂದು ಬರೆದಿಟ್ಟವರು ಮಾತ್ರ ಯಾರೂ ಇಲ್ಲ!