ಇದರಲ್ಲಿ ಏನೂ ಇಲ್ಲ!

ಅಮೆರಿಕದ ಕನ್ನಡ ಬಳಗ ಎಷ್ಟೇ ಚಿಕ್ಕದಿರಲಿ, ಅದರಲ್ಲಿ ಬಿಸಿಬೇಳೆಬಾತಿಗೆ ಒಬ್ಬರು, ಹೋಳಿಗೆಗೆ ಒಬ್ಬರು, ಗಣಪತಿ ಪೂಜೆಯ ಮಂತ್ರ ಮರೆತವರಿಗೆ ಫೋನಿನಲ್ಲೇ ಹೇಳಿಕೊಡುವುದಕ್ಕೆ ಒಬ್ಬರು ಎಂದು ಖಾತೆಗಳು ಹಂಚಿಹೋಗಿರುತ್ತವೆ. ಯಾರೂ ಕೂತು ಹಂಚಿದ್ದಲ್ಲ. ತಾವೇ ಒಂದೊಂದನ್ನು ಹಿಡಿದುಕೊಂಡದ್ದು, ಆಮೇಲೆ ಬಿಡದೇ ಇದ್ದದ್ದು. ಈ ಮಂತ್ರಿಮಂಡಲದಲ್ಲಿ ಜೆಲ್ಲಿ ಖಾತೆಯವರು ಒಬ್ಬರಿರುತ್ತಾರೆ. ನ್ಯೂಜೆರ್ಸಿಯ ನಮ್ಮ ಬಳಗದಲ್ಲಿ ಆ ಖಾತೆ ನಮ್ಮ ಅತ್ತಿಗೆಯದು. ನಿಮ್ಮ ಬಳಗದಲ್ಲಿ ಅವರು ಚಿಕ್ಕಮ್ಮ ಆಗಿರಬಹುದು, ನಾದಿನಿ ಆಗಿರಬಹುದು. ಗುರುತು ಹಿಡಿಯುವುದು ಕಷ್ಟವಲ್ಲ.

ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಪಾತ್ರೆಗಳು ಇನ್ನೂ ಒಣಗುತ್ತಿರುವಾಗಲೇ ವಾಟ್ಸಾಪ್ ಗುಂಪಿಗೆ ಅವರ ಪ್ರಕಟಣೆ ಬೀಳುತ್ತದೆ: ‘ಕ್ರಿಸ್‌ಮಸ್ ಪಾಟ್‌ಲಕ್‌ಗೆ ಜೆಲ್ಲಿ ನನ್ನದು. ದಯವಿಟ್ಟು ಬೇರೆ ಯಾರೂ ತರಬೇಡಿ.’ ತರುವ ಯೋಚನೆ ಯಾರಿಗೂ ಬಂದಿರಲಿಲ್ಲ ಎಂಬುದು ಬೇರೆ ಮಾತು. ಆದರೂ ಎಲ್ಲರೂ ಕೈಮುಗಿಯುವ ಚಿತ್ರ ಕಳಿಸುತ್ತಾರೆ.

ಜೆಲ್ಲಿ ಎಂದರೆ ಬಟ್ಟಲಿನಲ್ಲಿ ಚಮಚದಿಂದ ಬಡಿಸುವ ಮಕ್ಕಳ ತಿಂಡಿಯಲ್ಲ. ಅತ್ತಿಗೆ ಮಾಡುವುದು ಶಾಟ್. ಅಮೆರಿಕದ ಹುಡುಗರು ಪಾರ್ಟಿಗಳಲ್ಲಿ ವೋಡ್ಕಾ ಬೆರೆಸಿದ ಜೆಲ್ಲಿಯನ್ನು ಪುಟ್ಟ ಪ್ಲಾಸ್ಟಿಕ್ ಲೋಟಗಳಲ್ಲಿ ಗಟ್ಟಿ ಮಾಡಿ ಒಂದೇ ಗುಟುಕಿಗೆ ಇಳಿಸುತ್ತಾರಲ್ಲ, ಅದೇ ಲೋಟ, ಅದೇ ಅಳತೆ, ಅದೇ ಮುಚ್ಚಳ. ನಮ್ಮ ಹೆಂಗಸರು ಮಧ್ಯಾಹ್ನದ ಡಬ್ಬಿಗೆ ಚಟ್ನಿ ಹಾಕಿ ಕಳಿಸುವುದೂ ಇದೇ ಲೋಟದಲ್ಲಿ. ಕ್ರಿಸ್‌ಮಸ್ ಅಂದಮೇಲೆ ಕೆಳಗೆ ಕೆಂಪು, ನಡುವೆ ಬಿಳಿ, ಮೇಲೆ ಹಸಿರು. ನೋಡಿದರೆ ತಪ್ಪು ತಿಳಿಯಲೇಬೇಕು, ಹಾಗಿರುತ್ತದೆ. ಅದಕ್ಕೇ ಟ್ರೇ ಹಿಡಿದು ಬರುವಾಗ ಅತ್ತಿಗೆ ಬಾಗಿಲಿನಿಂದಲೇ ಶುರುಮಾಡುತ್ತಾರೆ: ‘ತಗೊಳ್ಳಿ, ತಗೊಳ್ಳಿ, ಇದರಲ್ಲಿ ಏನೂ ಇಲ್ಲ!’

ಬೇರೆಯವರು ತಾವು ಮಾಡಿದ ತಿಂಡಿಗೆ ಏನೇನು ಹಾಕಿದ್ದೇವೆಂದು ಹೇಳಿಕೊಳ್ಳುತ್ತಾರೆ. ಗೋಡಂಬಿ, ಕೇಸರಿ, ಮನೆಯಲ್ಲೇ ಕಾಯಿಸಿದ ತುಪ್ಪ. ಅತ್ತಿಗೆಯ ಹೆಮ್ಮೆಯೆಲ್ಲ ಏನೇನು ಹಾಕಿಲ್ಲ ಎಂಬುದರಲ್ಲಿ. ಮದ್ಯ ಇಲ್ಲ, ಜೆಲಟಿನ್ ಇಲ್ಲ, ಮೊಟ್ಟೆ ಇಲ್ಲ, ಕಡಲೆಕಾಯಿ ಇಲ್ಲ, ಗೋಧಿ ಇಲ್ಲ, ಅಂಗಡಿ ಬಣ್ಣ ಇಲ್ಲ. ವೈಕುಂಠ ಏಕಾದಶಿ ಹತ್ತಿರ ಬಿದ್ದ ವರ್ಷ ‘ಅಕ್ಕಿ ಬೇಳೆ ಕೂಡ ಇಲ್ಲ’ ಎಂದು ಸೇರಿಸಿದ್ದರು. ಪಟ್ಟಿ ಮುಗಿಯುವಷ್ಟರಲ್ಲಿ ಯಾರೋ ಕೇಳಿಯೇಬಿಟ್ಟರು, ‘ಹಾಗಾದ್ರೆ ಇರೋದೇನು ತಾಯಿ?’

‘ಜೆಲ್ಲಿ’ ಎಂದರು ಅತ್ತಿಗೆ.

ಮದ್ಯ ಇಲ್ಲದ ಶಾಟ್ ಎನ್ನುವುದು ಚರಿತ್ರೆಗೇ ಮಾಡಿದ ಅಪಚಾರ ಎಂಬುದು ನಮ್ಮಣ್ಣನ ವಾದ. ಅವನ ಹತ್ತಿರ ಆಧಾರಗಳೂ ಇವೆ. ಜೆರ್ರಿ ಥಾಮಸ್ ಎಂಬ ಹೆಸರಾಂತ ಬಾರ್‌ಟೆಂಡರ್ 1862ರಷ್ಟು ಹಿಂದೆಯೇ ತನ್ನ ಪುಸ್ತಕದಲ್ಲಿ ಪಂಚ್ ಬೆರೆಸಿದ ಜೆಲ್ಲಿಯ ವಿಧಾನ ಬರೆದು, ಇದರ ಕಿಕ್ಕು ಜೆಲ್ಲಿಯೊಳಗೆ ಅಡಗಿ ಕೂತಿರುತ್ತದೆ, ಸಿಕ್ಕಾಪಟ್ಟೆ ತಿಂದವರು ಊಟವಾದ ಮೇಲೆ ಕುಣಿಯಲಾಗದೆ ಕೂತಾರು ಎಂದು ಎಚ್ಚರಿಸಿದ್ದನಂತೆ. ಆಮೇಲೆ 1950ರ ದಶಕ. ಗಣಿತದ ಮೇಷ್ಟರೂ ಹಾಸ್ಯ ಹಾಡುಗಾರರೂ ಆಗಿದ್ದ ಟಾಮ್ ಲೆಹ್ರರ್ ಆಗ ಸೈನ್ಯದ ನೌಕರಿಯಲ್ಲಿದ್ದರು. ಕ್ರಿಸ್‌ಮಸ್ ಪಾರ್ಟಿ, ಮದ್ಯದ ಪಾನೀಯ ತರಕೂಡದೆಂದು ಕಟ್ಟಪ್ಪಣೆ. ಪಾನೀಯ ತಾನೇ ಕೂಡದು, ತಿನಿಸಿಗೇನು ಎಂದು ವೋಡ್ಕಾವನ್ನು ಜೆಲ್ಲಿಗೆ ಸುರಿದೆವು ಎಂದು ಅವರೇ ಹೇಳಿಕೊಂಡಿದ್ದಾರೆ. ಅಂದರೆ ಒಣ ಪಾರ್ಟಿಗೆ ಮದ್ಯವನ್ನು ಕಳ್ಳದಾರಿಯಲ್ಲಿ ತರಲು ಹೂಡಿದ ಉಪಾಯ ಇದು. ನಮ್ಮ ಅತ್ತಿಗೆ ಅದೇ ಲೋಟದಲ್ಲಿ, ಅದೇ ಹಬ್ಬಕ್ಕೆ, ಮದ್ಯದ ಪಾರ್ಟಿಯೊಳಗೆ ಒಣ ಸರಕನ್ನು ತಂದಿಳಿಸುತ್ತಾರೆ. ಕಳ್ಳಸಾಗಣೆ ಎರಡೂ ಕಡೆಯಿಂದ ನಡೆಯುತ್ತದೆ, ಏನು ಮಾಡುವುದು!

ಅಣ್ಣ ಇಷ್ಟು ಹೇಳಿ ಉಸಿರೆಳೆದುಕೊಳ್ಳುವಷ್ಟರಲ್ಲಿ ಅತ್ತಿಗೆ ಯೂಟಾ ರಾಜ್ಯವನ್ನು ಎದುರಿಗಿಡುತ್ತಾರೆ. ಅಲ್ಲಿ ಮಾರ್ಮನ್ ಪಂಥದವರು ಹೆಚ್ಚು, ಅವರಿಗೆ ಮದ್ಯ ನಿಷಿದ್ಧ. 2001ರಲ್ಲಿ ಆ ರಾಜ್ಯ ಜೆಲ್-ಓ ಎಂಬ ಪೊಟ್ಟಣದ ಜೆಲ್ಲಿಯನ್ನು ತನ್ನ ಅಧಿಕೃತ ತಿಂಡಿಯೆಂದು ಸಾರಿತು. ‘ಒಂದು ಇಡೀ ರಾಜ್ಯ ಹಾಗೇ ತಿನ್ನತ್ತೆ ಕಣ್ರೀ, ನಿಮಗೊಬ್ಬರಿಗೆ ಆಗಲ್ವಾ?’

ಅತ್ತಿಗೆ ಮೊದಲು ಮಾಡುತ್ತಿದ್ದದ್ದು ಅಂಗಡಿಯ ಪೊಟ್ಟಣದ ಜೆಲ್ಲಿಯನ್ನೇ. ಅದು ನಿಂತದ್ದು ನಮ್ಮಮ್ಮ ಊರಿಂದ ಬಂದ ಮೇಲೆ. ಬಂದ ತಂದೆತಾಯಿಯರನ್ನು ಮಕ್ಕಳು ನಯಾಗರಕ್ಕೆ ಕರೆದುಕೊಂಡು ಹೋಗಲೇಬೇಕೆಂಬ ಕಾನೂನು ಇದೆಯಷ್ಟೆ. ಅತ್ತಿಗೆ ಆ ಪ್ರಯಾಣವನ್ನು ಚೂರು ತಿರುಗಿಸಿ ನ್ಯೂಯಾರ್ಕ್ ರಾಜ್ಯದ ಲೆರಾಯ್ ಎಂಬ ಪುಟ್ಟ ಊರಲ್ಲಿ ಕಾರು ನಿಲ್ಲಿಸಿದರು. ಅಲ್ಲಿ ಜೆಲ್-ಓ ಮ್ಯೂಸಿಯಂ ಇದೆ. 1897ರಲ್ಲಿ ಆ ಊರಿನ ಬಡಗಿ ಪರ್ಲ್ ವೇಟ್ ಕೆಮ್ಮಿನ ಔಷಧಿ ಮಾಡುತ್ತ ಮಾಡುತ್ತ ಹಣ್ಣಿನ ರುಚಿಯ ಜೆಲಟಿನ್ ಪುಡಿ ಮಾಡಿದ. ಅದಕ್ಕೆ ಜೆಲ್-ಓ ಎಂದು ಹೆಸರಿಟ್ಟವಳು ಹೆಂಡತಿ ಮೇ. ಮಾರಲಿಕ್ಕೆ ಬಾರದೆ 1899ರಲ್ಲಿ ಅದೇ ಊರಿನ ಆರೇಟರ್ ವುಡ್‌ವರ್ಡ್ ಎಂಬವನಿಗೆ 450 ಡಾಲರಿಗೆ ಕೊಟ್ಟುಬಿಟ್ಟ. ವುಡ್‌ವರ್ಡನಿಗೂ ಮೊದಮೊದಲು ವ್ಯಾಪಾರ ಕುದುರದೆ, ಬೇಸತ್ತು ತನ್ನ ಮೇಸ್ತ್ರಿಗೆ 35 ಡಾಲರಿಗೆ ತಗೋ ಮಾರಾಯ ಎಂದನಂತೆ. ಮೇಸ್ತ್ರಿ ಬೇಡ ಎಂದನಂತೆ. ಇದನ್ನು ಕೇಳಿ ಅಣ್ಣ ನಿಟ್ಟುಸಿರು ಬಿಟ್ಟ. ‘ನಮ್ಮಪ್ಪ ಜಯನಗರದ ಸೈಟು ಬೇಡ ಅಂದ ಹಾಗೆ.’ ಅಮ್ಮ ಅವನ ಕಡೆ ನೋಡಲಿಲ್ಲ. ಅವರ ಗಮನ ಬೇರೆಲ್ಲೋ ಇತ್ತು.

‘ಜೆಲಟಿನ್ ಅಂದ್ರೆ ಏನೋ ಪುಟ್ಟ?’ ಎಂದು ಮೊಮ್ಮಗನನ್ನು ಕೇಳಿದರು.

ಅಮೆರಿಕದಲ್ಲಿ ಹುಟ್ಟಿದ ಹುಡುಗರಿಗೆ ಸುಳ್ಳು ಹೇಳಲು ಬರುವುದಿಲ್ಲ. ಹಂದಿ, ದನಗಳ ಚರ್ಮ, ಮೂಳೆ ಬೇಯಿಸಿ ತೆಗೆಯುವ ಪ್ರೋಟೀನು ಎಂದು ಅವನು ಅಚ್ಚ ಕನ್ನಡದಲ್ಲಿ ವಿವರಿಸಿದ. ಕನ್ನಡ ಕೂಟದ ಭಾನುವಾರದ ತರಗತಿ ಅಷ್ಟು ಚೆನ್ನಾಗಿ ಫಲ ಕೊಟ್ಟದ್ದು ಅದೊಂದೇ ಸಲ. ಅಮ್ಮ ಕಾರಿನಲ್ಲಿ ಕೂತವರೇ ವಿಷ್ಣುಸಹಸ್ರನಾಮ ಶುರುಮಾಡಿದರು. ಮುಗಿಯುವ ಹೊತ್ತಿಗೆ ದಾರಿಯ ಮೇಲೆ ಬಫಲೋ ಎಂಬ ಊರಿನ ಬೋರ್ಡು ಬಂತು. ಮತ್ತೆ ಮೊದಲಿಂದ ಶುರುಮಾಡಿದರು.

ಊರಲ್ಲಾದರೆ ಪೊಟ್ಟಣ ತಿರುಗಿಸಿ ಹಸಿರು ಚುಕ್ಕೆ ಇದೆಯೇ ಎಂದು ನೋಡಿದರೆ ಮುಗಿಯಿತು. ಅಮೆರಿಕದಲ್ಲಿ ಚುಕ್ಕೆ ಇಲ್ಲ. ಸಾಸಿವೆಗಿಂತ ಸಣ್ಣ ಅಕ್ಷರದಲ್ಲಿ ಬರೆದದ್ದನ್ನು ಪೂರ್ತಿ ಓದಬೇಕು. ಅಂದಿನಿಂದ ಅತ್ತಿಗೆ ಪರ್ಸಿನಲ್ಲಿ ಒಂದು ಭೂತಗನ್ನಡಿ ಇಟ್ಟುಕೊಂಡರು, ಮತ್ತು ಚೈನಾ ಗ್ರಾಸಿಗೆ ಶರಣಾದರು. ಅಗರ್ ಅಗರ್ ಎಂದರೂ ಅದೇ. ಸಮುದ್ರದ ಕೆಂಪು ಪಾಚಿಯಿಂದ ಬರುವಂಥದ್ದು. ‘ಪಾಚಿ ಅಂದ್ರೆ ಗಿಡದ ಜಾತಿ ತಾನೇ?’ ಎಂದು ಅಮ್ಮ ಕೇಳಿದರು. ಹೌದೆಂದು ಎಲ್ಲರೂ ಒಟ್ಟಾಗಿ ತಲೆಯಾಡಿಸಿದೆವು. ಸಸ್ಯಶಾಸ್ತ್ರದವರು ಕ್ಷಮಿಸಬೇಕು, ಮನೆಯ ಶಾಂತಿಯೂ ಮುಖ್ಯ.

ಆದರೆ ತೊಂದರೆ ಬಂದದ್ದು ಅತ್ತಿಗೆಯ ಮಗಳ ಕಡೆಯಿಂದ. ಮೈಕ್ರೋಬಯಾಲಜಿ ಓದುವವಳು. ಟ್ರೇ ನೋಡಿದವಳೇ ಮುಖ ಹಿಂಡಿದಳು. ‘ಅಮ್ಮಾ, ಲ್ಯಾಬಲ್ಲಿ ನಾವು ಇದರ ಮೇಲೆ ಬ್ಯಾಕ್ಟೀರಿಯಾ ಬೆಳೆಸ್ತೀವಿ!’

ಇನ್ನೊಬ್ಬರಾಗಿದ್ದರೆ ಸೋಲುತ್ತಿದ್ದರು. ಅತ್ತಿಗೆ ಆ ರಾತ್ರಿ ಕೂತು ಓದಿದರು, ಮರುದಿನ ತಿಂಡಿಯ ಹೊತ್ತಿಗೆ ಮಗಳನ್ನು ಎದುರಿಗೆ ಕೂರಿಸಿಕೊಂಡರು. ‘ಬ್ಯಾಕ್ಟೀರಿಯಾ ಬೆಳೆಸೋಕೆ ಅಗರ್ ಹಾಕಿ ಅಂತ ಹೇಳಿದ್ದು ಯಾರು ಗೊತ್ತಾ? ನಿಮ್ಮ ಪ್ರೊಫೆಸರ್ರಾ? ಅಡುಗೆಮನೆ ಹೆಂಗಸು!’ ಹೇಳಿದ್ದು ಸುಳ್ಳಲ್ಲ. ಫ್ಯಾನಿ ಹೆಸ್ಸೆ ಎಂಬಾಕೆ, ಹುಟ್ಟಿದ್ದು ನ್ಯೂಯಾರ್ಕಿನಲ್ಲಿ. ಗಂಡ ವಾಲ್ಟರ್ ಹೆಸ್ಸೆ ಬರ್ಲಿನ್ನಿನಲ್ಲಿ ವಿಜ್ಞಾನಿ ರಾಬರ್ಟ್ ಕಾಕ್ ಹತ್ತಿರ ಕೆಲಸ ಮಾಡುತ್ತಿದ್ದವನು. ಆಗ ಸೂಕ್ಷ್ಮಜೀವಿಗಳನ್ನು ಬೆಳೆಸುತ್ತಿದ್ದದ್ದು ಜೆಲಟಿನ್ ಮೇಲೆ. ಬೇಸಿಗೆ ಬಂದರೆ ಕರಗುತ್ತಿತ್ತು, ಕೆಲವು ಬ್ಯಾಕ್ಟೀರಿಯಾಗಳು ಅದನ್ನೇ ತಿಂದು ನೀರು ಮಾಡುತ್ತಿದ್ದವು. ಗಂಡ ತಲೆ ಕೆಡಿಸಿಕೊಂಡು ಕೂತಾಗ 1881ರಲ್ಲಿ ಫ್ಯಾನಿ ಹೇಳಿದಳು: ನಾನು ಜೆಲ್ಲಿಗೆ ಹಾಕುವ ಅಗರ್ ಬೇಸಿಗೆಯಲ್ಲೂ ಕರಗುವುದಿಲ್ಲ, ಅದನ್ನು ಹಾಕಿ ನೋಡಿ. ಅವಳಿಗೆ ಅದರ ಗುಟ್ಟು ಹೇಳಿದ್ದು ಜಾವಾದಲ್ಲಿದ್ದು ಬಂದ ನೆರೆಯವರು. ಮಾರನೇ ವರ್ಷ ಕ್ಷಯರೋಗದ ಬಗ್ಗೆ ಬರೆದ ಪ್ರಸಿದ್ಧ ಲೇಖನದಲ್ಲಿ ಕಾಕ್ ಅಗರನ್ನು ಹೆಸರಿಸಿದ, ಫ್ಯಾನಿಯನ್ನು ಹೆಸರಿಸಲಿಲ್ಲ. 1887ರಲ್ಲಿ ಅದೇ ಪ್ರಯೋಗಾಲಯದ ಪೆಟ್ರಿ ಎಂಬವನು ಮುಚ್ಚಳ ಇರುವ ಗಾಜಿನ ತಟ್ಟೆ ಮಾಡಿದ.

‘ತಟ್ಟೆ ಮಾಡಿದವನ ಹೆಸರು ಜಗತ್ತಿಗೆಲ್ಲ ಗೊತ್ತು’ ಎಂದರು ಅತ್ತಿಗೆ, ಅಣ್ಣನ ಕಡೆ ತಿರುಗಿ. ‘ತಟ್ಟೆಯೊಳಗೆ ಏನು ಹಾಕಬೇಕು ಅಂತ ಹೇಳಿದವಳ ಹೆಸರು ಯಾರಿಗೂ ಗೊತ್ತಿಲ್ಲ.’ ಹಿಂದಿನ ರಾತ್ರಿ ಪಾತ್ರೆ ತೊಳೆದಿಟ್ಟು ‘ಪಾರ್ಟಿ ಮಾಡಿದ್ದು ನಾನು’ ಎಂದು ಫೇಸ್‌ಬುಕ್ಕಿನಲ್ಲಿ ಹಾಕಿಕೊಂಡಿದ್ದ ಅಣ್ಣ ಕಾಫಿ ಲೋಟದೊಳಗೆ ಮುಖ ಇಳಿಸಿದ. ಮಗಳು ಸದ್ದಿಲ್ಲದೆ ಒಂದು ಕೆಂಪು ಲೋಟ ತೆಗೆದುಕೊಂಡಳು.

ಅತ್ತಿಗೆಗೆ ಸಾಫ್ಟ್‌ವೇರ್ ಕಂಪನಿಯಲ್ಲಿ ಟೆಸ್ಟಿಂಗ್ ಕೆಲಸ. ಬೇರೆಯವರು ಮಾಡಿದ್ದರಲ್ಲಿ ತಪ್ಪು ಹುಡುಕುವುದಕ್ಕೆ ಸಂಬಳ ಕೊಡುತ್ತಾರೆ. ಆ ಶಿಸ್ತೆಲ್ಲ ಡಿಸೆಂಬರಿನಲ್ಲಿ ಅಡುಗೆಮನೆಗೆ ಬರುತ್ತದೆ. ಒಂದು ಕಪ್ಪು ರಸಕ್ಕೆ ಅಗರ್ ಪುಡಿ ಒಂದು ಸಣ್ಣ ಚಮಚ, ಮಟ್ಟಸವಾಗಿ, ಗೋಪುರವಾದರೆ ರಬ್ಬರು. ಎರಡು ನಿಮಿಷವಾದರೂ ಚೆನ್ನಾಗಿ ಕುದಿಯಬೇಕು, ಇಲ್ಲದಿದ್ದರೆ ಪುಡಿ ಪುಡಿಯಾಗಿಯೇ ಉಳಿಯುತ್ತದೆ. ನಿಂಬೆಹುಳಿ ಹಿಂಡುವುದು ಒಲೆಯಿಂದ ಇಳಿಸಿದ ಮೇಲೆ. ಹುಳಿಯ ಜೊತೆ ಕುದಿಸಿದರೆ ಅಗರ್ ಹಿಡಿತ ಕಳೆದುಕೊಳ್ಳುತ್ತದೆ. ಇದಕ್ಕೆ ಫ್ರಿಜ್ಜೂ ಬೇಕಿಲ್ಲ, ಕೋಣೆಯ ಶಾಖದಲ್ಲೇ ಹೆಪ್ಪುಗಟ್ಟುತ್ತದೆ. ಕಷ್ಟ ಇರುವುದು ಪದರದಲ್ಲಿ. ಕೆಂಪು ಪೂರ್ತಿ ಆರಿದ ಮೇಲೆ ಬಿಳಿ ಸುರಿದರೆ ತಿನ್ನುವಾಗ ಎರಡೂ ಬೇರೆಬೇರೆ ಸಂಸಾರ ಹೂಡುತ್ತವೆ. ಆರುವ ಮೊದಲೇ ಸುರಿದರೆ ಎಲ್ಲ ಒಂದಾಗಿ ಗುಲಾಬಿ. ಮೇಲೆ ಕೆನೆ ಕಟ್ಟಿದ ಹಾಗಾಗಿ, ಬೆರಳಿಟ್ಟರೆ ಅಂಟುತ್ತಿರಬೇಕು, ಅದೇ ಮುಹೂರ್ತ. ಆ ಹೊತ್ತಲ್ಲಿ ಅತ್ತಿಗೆಯನ್ನು ಯಾರೂ ಮಾತಾಡಿಸಕೂಡದು. ಬಾಗಿಲ ಗಂಟೆ ಬಾರಿಸಿದ ಪಾರ್ಸೆಲ್ಲಿನವನು ಚಳಿಯಲ್ಲಿ ನಿಂತೇ ಇದ್ದ.

ಕೆಂಪಿಗೆ ಕ್ರ್ಯಾನ್‌ಬೆರಿ ರಸ, ಬಿಳಿಗೆ ತೆಂಗಿನಹಾಲು ಏಲಕ್ಕಿ, ಹಸಿರಿಗೆ ಪುದೀನ ನಿಂಬೆ. ಪುದೀನ ಬಿಸಿಗೆ ಕಪ್ಪಿಡುತ್ತದೆಂದು ಅದರ ಜೊತೆ ನಾಲ್ಕು ಪಾಲಕ್ ಎಲೆ ರುಬ್ಬಿ ಸೋಸುತ್ತಾರೆ. ಏನೂ ಇಲ್ಲ ಎಂಬ ಪಟ್ಟಿಯಲ್ಲಿ ಪಾಲಕ್ ಸೊಪ್ಪಿನ ಹೆಸರು ಇಲ್ಲದಿರುವುದನ್ನು ನಾನೊಬ್ಬನೇ ಗಮನಿಸಿದ್ದೇನೆ. ಬಳಗದ ಮಕ್ಕಳಿಗೆ ಗೊತ್ತಿಲ್ಲ, ನೀವೂ ಹೇಳಬೇಡಿ. ಮಂಗಳೂರು ಕಡೆಯವರು ಬರುವ ವರ್ಷ ಪುನರ್ಪುಳಿ ಜೆಲ್ಲಿ ಇರುತ್ತದೆ. ರಾಮನವಮಿಗೆ ಬೆಲ್ಲ ಶುಂಠಿಯ ಪಾನಕದ ಶಾಟ್ ಕೂಡ ಒಮ್ಮೆ ಆಗಿಹೋಗಿದೆ. ಅಮ್ಮ ಅದನ್ನು ತಟ್ಟೆಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದರು. ‘ಅಲ್ಲಾಡ್ತಾ ಇದೆಯಲ್ಲೇ, ಇದನ್ನ ಕುಡಿಯೋದಾ, ತಿನ್ನೋದಾ? ಆಚಮನ ಯಾವುದಕ್ಕೆ ಮಾಡಲಿ?’

ಪಕ್ಕದ ಮನೆಯ ಅಮೆರಿಕನ್ ಹೆಂಗಸು ಒಮ್ಮೆ ಅತ್ತಿಗೆಗೆ ಪೈಪೋಟಿ ಕೊಡಲು ಹೋಗಿ ತಾಜಾ ಅನಾನಸ್ ಹೆಚ್ಚಿ ಅಂಗಡಿ ಜೆಲ್ಲಿಗೆ ಹಾಕಿದಳು. ಬೆಳಗಾದರೂ ಶರಬತ್ತು. ಅನಾನಸಿನ ಬ್ರೊಮೆಲಿನ್ ಎಂಬ ಕಿಣ್ವ ಜೆಲಟಿನ್ನನ್ನು ಕತ್ತರಿಸಿ ಹಾಕುತ್ತದೆ, ಡಬ್ಬದ ಅನಾನಸಾದರೆ ಕಾಯಿಸಿರುವುದರಿಂದ ತೊಂದರೆಯಿಲ್ಲ, ಅಗರಿಗಾದರೆ ತಾಜಾ ಹಣ್ಣೂ ನಡೆದೀತು, ಅದು ಪ್ರೋಟೀನೇ ಅಲ್ಲವಲ್ಲ ಎಂದು ಅತ್ತಿಗೆ ಬೇಲಿಯ ಮೇಲಿಂದ ಪಾಠ ಮಾಡಿದರು. ಗೆದ್ದವರ ವಿನಯ ಅವರ ಮುಖದಲ್ಲಿತ್ತು. ಅದು ಸೋತವರಿಗೆ ಎಂದೂ ಇಷ್ಟವಾಗುವುದಿಲ್ಲ.

ಇನ್ನು ಕನ್ನಡ ಕೂಟದ ಹಿರಿಯರೊಬ್ಬರ ಪ್ರಸಂಗ. ಅವರು ಟ್ರೇ ಕಂಡವರೇ ಅಣ್ಣನ ಪಕ್ಕಕ್ಕೆ ಸರಿದು, ‘ನಿಮ್ಮನೆಯವರು ಇಲ್ಲ ಇಲ್ಲ ಅಂತಾರೆ. ಇದೆ ಅಲ್ವೇನಯ್ಯಾ?’ ಎಂದು ಕಣ್ಣು ಮಿಟುಕಿಸಿದರು. ಅಣ್ಣ ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ; ಬರೀ ನಕ್ಕ. ಸಾಕಾಯಿತು. ಹಿರಿಯರು ಒಂದರ ಮೇಲೊಂದು ಏರಿಸಿದರು. ಅರ್ಧ ಗಂಟೆಯಲ್ಲಿ ಸ್ವರ ಒಡೆದು ರಾಜ್‌ಕುಮಾರ್ ಹಾಡು ಶುರುವಾಯಿತು, ಎರಡನೇ ಚರಣಕ್ಕೆ ಕಣ್ಣೀರೂ ಬಂತು. 1980ರ ದಶಕದಲ್ಲಿ ತಮಗೆ ಪ್ರಮೋಷನ್ ತಪ್ಪಿಸಿದ ಬ್ಯಾಂಕ್ ಮ್ಯಾನೇಜರನನ್ನು ಕ್ಷಮಿಸಿಬಿಟ್ಟರು. ಅವರ ಹೆಂಡತಿ ಕಾರಿನ ಕೀಲಿ ಕಿತ್ತುಕೊಂಡರು. ಅತ್ತಿಗೆ ಓಡಿಬಂದು, ‘ಅಂಕಲ್, ದೇವರಾಣೆ, ಅದರಲ್ಲಿ ಏನೂ ಇಲ್ಲ!’ ಎಂದರೆ, ಹಿರಿಯರು ಅವರ ತಲೆಯ ಮೇಲೆ ಕೈಯಿಟ್ಟು, ‘ನನಗೆ ಗೊತ್ತಾಗಲ್ವಾ ಮಗಳೇ? ಒಳ್ಳೇ ಸರಕು’ ಎಂದು ಆಶೀರ್ವಾದ ಮಾಡಿದರು. ಮಾರನೇ ಬೆಳಿಗ್ಗೆ ತಲೆನೋವೆಂದು ಫೋನು ಬಂತು. ಮ್ಯಾನೇಜರನಿಗೆ ಕೊಟ್ಟ ಕ್ಷಮೆಯನ್ನೂ ವಾಪಸ್ ತೆಗೆದುಕೊಂಡಿದ್ದರು.

ಹೀಗೆ ಎಲ್ಲರೂ ತಮಾಷೆ ಮಾಡುತ್ತೇವೆ, ಆದರೆ ಆ ಟ್ರೇ ಖಾಲಿಯಾಗದೆ ಹಿಂತಿರುಗಿದ್ದನ್ನು ನಾನು ನೋಡಿಲ್ಲ. ಮಡಿಯ ಅಜ್ಜಿ, ತುಂಬು ಬಸುರಿ, ರಾತ್ರಿ ಎಲ್ಲರನ್ನೂ ಮನೆಗೆ ಬಿಡುವ ಡ್ರೈವಿಂಗ್ ಜವಾಬ್ದಾರಿ ಹೊತ್ತ ಅಳಿಯ, ಕಡಲೆಕಾಯಿ ಮುಟ್ಟಿದರೆ ಊದಿಕೊಳ್ಳುವ ಹುಡುಗ, ಎಲ್ಲರೂ ಒಂದೇ ಟ್ರೇಯಿಂದ ತೆಗೆದುಕೊಳ್ಳುವುದು ಆ ಪಾಟ್‌ಲಕ್‌ನಲ್ಲಿ ಇದೊಂದನ್ನೇ. ಬಿಸಿಬೇಳೆಬಾತ್ ಖಾತೆಯವರಿಗೆ ಇದು ಒಳಗೊಳಗೇ ಕುಟುಕುತ್ತದೆ. ಅವರದ್ದರಲ್ಲಿ ಎಲ್ಲವೂ ಇರುತ್ತದೆ, ಗೋಡಂಬಿ ಸಹಿತ.

ಮುಂದಿನ ಡಿಸೆಂಬರಿನಲ್ಲಿ ನಿಮಗೆ ಕರೆ ಬಂದರೆ ಖಂಡಿತ ಹೋಗಿ. ಜೆಲ್ಲಿಯನ್ನು ಅದೇ ದಿನ ತಿನ್ನಿ, ಮನೆಗೆ ಕಟ್ಟಿಸಿಕೊಂಡು ಹೋಗಬೇಡಿ. ಅಗರ್ ಮಾರನೇ ದಿನಕ್ಕೆ ನೀರು ಬಿಡುತ್ತದೆ. ಮತ್ತೆ, ಲೋಟ ಕಸದ ಬುಟ್ಟಿಗೆ ಎಸೆಯಬೇಡಿ. ಅತ್ತಿಗೆ ಎಣಿಸಿ ಇಟ್ಟಿರುತ್ತಾರೆ, ಮುಚ್ಚಳವನ್ನೂ.