ಫ್ಲಕ್ಸ್ ರಾಯರು

ಡೊಂಬಿವಲಿಯ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ನಾಲ್ಕು ಗಾಲಾ (ಪುಟ್ಟ ವರ್ಕ್‌ಶಾಪ್) ಹೊಕ್ಕರೆ ಒಬ್ಬರಾದರೂ ಫ್ಲಕ್ಸ್ ರಾಯರು ಸಿಕ್ಕೇ ಸಿಗುತ್ತಾರೆ. ಹೋಟೆಲ್ ಕೆಲಸಕ್ಕೆಂದು ಉಡುಪಿಯಿಂದ ಬಂದು, ಹೇಗೋ ಸೋಲ್ಡರಿಂಗ್ ಟೇಬಲ್ಲಿಗೆ ಸೇರಿಕೊಂಡವರು. ಬಡಿಸುವ ಕೈ ಮಾತ್ರ ಹಾಗೇ ಉಳಿದಿದೆ. ಎಲೆಗೆ ತುಪ್ಪ ಬಿಟ್ಟ ಹಾಗೆ ಬೋರ್ಡಿಗೆ ಫ್ಲಕ್ಸ್ ಬಿಡುತ್ತಾರೆ.

"ಇದರಲ್ಲೆಲ್ಲ ಕಂಜೂಸಿ ಮಾಡಬಾರದು ಮಾರಾಯ. ಜಾಯಿಂಟ್ ಹೊಳೀಬೇಕು."

ಅರ್ಧ ನಿಜವೇ. ಫ್ಲಕ್ಸ್ ತಾಮ್ರದ ಮೇಲಿನ ಆಕ್ಸೈಡ್ ಬಿಡಿಸದಿದ್ದರೆ ಸೋಲ್ಡರ್ ಗುಂಡಗೆ ಉಂಡೆಕಟ್ಟಿ ಕೂರುತ್ತದೆ, ಹರಿಯುವುದಿಲ್ಲ. ಆದರೆ 183 ಡಿಗ್ರಿಗೆ ಕರಗುವ 63-37 ಸೋಲ್ಡರ್ ತಂತಿಯ ಹೊಟ್ಟೆಯಲ್ಲೇ ಫ್ಲಕ್ಸ್ ಇರುತ್ತದೆ. ರಾಯರಿಗೆ ಕಾಣದ್ದರ ಮೇಲೆ ನಂಬಿಕೆಯಿಲ್ಲ. ಮೇಲಿಂದ ಮತ್ತೊಂದು ಚಮಚ.

ತೊಳೆಯುವ ಮಾತು ಬಂದರೆ ಡಬ್ಬಿ ತಿರುಗಿಸಿ 'ನೋ ಕ್ಲೀನ್' ಎಂಬುದನ್ನು ತೋರಿಸುತ್ತಾರೆ. ಹದವಾಗಿ ಹಾಕಿ, ಪೂರ್ತಿ ಕಾಯಿಸಿದರೆ ಮಾತ್ರ ಆ ಮಾತು. ಬಿಸಿ ತಾಗದೆ ಹಸಿಯಾಗಿ ಉಳಿದ ಕೆರೆಗೆ ಅದು ಅನ್ವಯಿಸದು. ಗಿರಾಕಿ 'ಅಂಟಂಟು' ಎಂದು ದೂರಿದ ದಿನ ಹಳೇ ಟೂತ್‌ಬ್ರಷ್ ಹೊರಬರುತ್ತದೆ. ಒಂದು ಮುಚ್ಚಳ ಐಪಿಎ ಆಲ್ಕೋಹಾಲಿನಲ್ಲಿ ಇಪ್ಪತ್ತು ಬೋರ್ಡ್! ಫ್ಲಕ್ಸ್ ಹೋಗುವುದಿಲ್ಲ, ಜಾಯಿಂಟ್ ಬಿಟ್ಟು ಐಸಿಯ ಕೆಳಕ್ಕೆ ಮನೆ ಬದಲಾಯಿಸುತ್ತದೆ.

"ಸರ, ಒಣಗಿದ ಮ್ಯಾಲ ಎಲ್ಲಾ ಬೆಳ್ಳಗ ಆಗ್ಯಾವ್ರಿ," ಎಂದ ಕಲಬುರಗಿಯ ಹುಡುಗ.

"ಡೊಂಬಿವಲಿ ಗಾಳಿ! 2020ರಲ್ಲಿ ಇಲ್ಲಿ ಕೆಮಿಕಲ್ಲಿಗೆ ರಸ್ತೆಯೇ ಗುಲಾಬಿಯಾಗಿತ್ತು. ಬೋರ್ಡ್ ಬಿಳಿಯಾದದ್ದು ಯಾವ ಮಹಾ?"

ಇಂಥ ಆರೋಪಿ ಬೇರೆ ಊರಲ್ಲಿ ಎಲ್ಲಿ ಸಿಗಬೇಕು!

ಜುಲೈ ಮಳೆಗೆ ಆ ಕೊಳೆ ತೇವ ಹೀರಿ, ಒಂದು ಟ್ರ್ಯಾಕಿನಿಂದ ಪಕ್ಕದ್ದಕ್ಕೆ ಕರೆಂಟ್ ಸೋರಿತು. ಆ ಬೋರ್ಡು ಕೂರಿಸಿದ ಟೈಮರ್‌ಗಳು ತಮಗೆ ತೋಚಿದಾಗ ಆನ್ ಆದವು. ಮಾಲು ವಾಪಸ್. ರಾಯರು ಅಲುಗಲಿಲ್ಲ. ಗಿರಾಕಿಯ ಎದುರೇ ಹೇರ್ ಡ್ರೈಯರ್ ಹಿಡಿದರು. ಟೈಮರ್ ಸರಿಯಾಯಿತು.

"ನೋಡಿದಿರಾ? ಬೋರ್ಡ್ ಸರಿ ಉಂಟು. ನಿಮ್ಮ ಹವೆ ಸರಿಯಿಲ್ಲ."

ಮರುದಿನ ರಾಯರು ಊಟಕ್ಕೆ ಹೋದಾಗ ಹುಡುಗ ಧಾರಾಳವಾಗಿ ಐಪಿಎ ಸುರಿದು ಉಜ್ಜಿದ. ಕರಗಿದ ಕೊಳೆ ಅಲ್ಲೇ ಒಣಗುವ ಮೊದಲು ಹೊಸ ಐಪಿಎಯಲ್ಲಿ ಇನ್ನೊಮ್ಮೆ ಜಾಲಾಡಿಸಿ, ನೂಲು ಬಿಡದ ಬಟ್ಟೆಗೆ ಒತ್ತಿ ತೆಗೆದ. ಬೋರ್ಡುಗಳು ಫಳಫಳ.

ರಾಯರು ಬಂದು ಒಂದನ್ನೆತ್ತಿ ಬೆಳಕಿಗೆ ಹಿಡಿದು, ಮಾಲೀಕ ಶೇಠ್‌ಜಿಯನ್ನು ಕರೆದು ತೋರಿಸಿದರು.

"ಇವತ್ತು ಗಾಳಿ ಪರವಾಗಿಲ್ಲ."